ಮನೆ ಕಂಪ್ಯೂಟರಿಗೆ ಬ್ಯಾಕಪ್ ಸಾಫ್ಟ್‌ವೇರ್ ಆರಿಸೋ ಮುಂಚೆ ಅದರ ಪೆನ್‌ಡ್ರೈವ್ ಬೂಟ್ ಮಾಡಿ ನೋಡಿ

ನನ್ನ ತಂಗಿ ಲ್ಯಾಪ್‌ಟಾಪಿನ ಎಸ್‌ಎಸ್‌ಡಿ ಒಂದು ದಿನ ಬೆಳಗ್ಗೆ ಹೇಳದೆ ಕೇಳದೆ ಕೈಕೊಡ್ತು. ಹಿಂದಿನ ರಾತ್ರಿ ಸರಿಯಾಗೇ ಶಟ್‌ಡೌನ್ ಮಾಡಿ ಮಲಗಿದ್ಲು, ಬೆಳಗ್ಗೆ ಆನ್ ಮಾಡಿದ್ರೆ ಬಯೋಸಲ್ಲಿ (ವಿಂಡೋಸಿಗೂ ಮುಂಚೆ ಏಳೋ ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಪುಟ) ಡಿಸ್ಕಿನ ಹೆಸರೇ ಇಲ್ಲ. ಹಳೇ ಕಾಲದ ಹಾರ್ಡ್ ಡಿಸ್ಕ್ ಆಗಿದ್ರೆ ಟಕ್ ಟಕ್ ಅಂತ ಸದ್ದು ಮಾಡಿ, ಫೈಲ್ ಓಪನ್ ಆಗೋಕೆ ಒದ್ದಾಡಿ, ಒಂದಷ್ಟು ದಿನ ಮೊದ್ಲೇ ಸೂಚನೆ ಕೊಡ್ತಿತ್ತು, ಎಸ್‌ಎಸ್‌ಡಿ ಎಷ್ಟೋ ಸಲ ಆ ಅವಕಾಶಾನೂ ಕೊಡಲ್ಲ. ಅವಳು ಮನೆಯಿಂದ್ಲೇ ಅಕೌಂಟ್ಸ್ ಕೆಲಸ ಮಾಡೋಳು, ಲೈಸೆನ್ಸ್ ಹಾಕಿದ ಸಾಫ್ಟ್‌ವೇರ್‌ಗಳು, ಪ್ರಿಂಟರ್ ಸೆಟ್ಟಿಂಗ್, ಡಿಜಿಟಲ್ ಸಹಿ, ಮೇಲ್ ಎಲ್ಲಾ ಅದ್ರಲ್ಲೇ ಕೂತಿತ್ತು. ಆದ್ರೂ ಆ ಕ್ಷಣ ನಮಗೆ ಅಷ್ಟೊಂದು ಗಾಬರಿ ಆಗ್ಲಿಲ್ಲ, ಯಾಕಂದ್ರೆ ಆರು ತಿಂಗಳ ಹಿಂದೆ ನಾನೇ ಕೂತು ಅದಕ್ಕೆ ಒಂದು ಇಮೇಜಿಂಗ್ ಸಾಫ್ಟ್‌ವೇರ್ ಹಾಕಿ, ಪ್ರತಿ ಭಾನುವಾರ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಇಡೀ ಡಿಸ್ಕಿನ ಇಮೇಜ್, ಅಂದ್ರೆ ಪೂರ್ತಿ ನಕಲು, ಹೋಗೋ ಹಾಗೆ ಮಾಡಿದ್ದೆ, ರೆಸ್ಕ್ಯೂ ಪೆನ್‌ಡ್ರೈವ್ (ವಿಂಡೋಸ್ ಏಳದೇ ಇದ್ದಾಗ ಕಂಪ್ಯೂಟರ್ ಬೂಟ್ ಮಾಡೋಕೆ) ಕೂಡ ಮಾಡಿ ಅವಳ ಡ್ರಾಯರಲ್ಲಿ ಇಟ್ಟಿದ್ದೆ.

ಹೊಸ ಎಸ್‌ಎಸ್‌ಡಿ ಹಾಕಿದ್ವಿ, ಪೆನ್‌ಡ್ರೈವಿಂದ ಬೂಟ್ ಆಯ್ತು, ಪ್ರೋಗ್ರಾಮ್ ಚೆನ್ನಾಗೇ ಓಪನ್ ಆಯ್ತು, ಎಕ್ಸ್‌ಟರ್ನಲ್ ಡಿಸ್ಕಲ್ಲಿ ಹಿಂದಿನ ಭಾನುವಾರದ ಇಮೇಜೂ ಸಿಕ್ತು. ನೆಕ್ಸ್ಟ್ ಒತ್ತಿದೆ. ಎಲ್ಲಿಗೆ ರಿಸ್ಟೋರ್ ಮಾಡ್ಬೇಕು ಅಂತ ಕೇಳೋ ಲಿಸ್ಟಲ್ಲಿ ಎರಡೇ ಸಾಲು: ಒಂದು ಆ ಪೆನ್‌ಡ್ರೈವ್, ಇನ್ನೊಂದು ಎಕ್ಸ್‌ಟರ್ನಲ್ ಡಿಸ್ಕ್. ಹೊಸ ಎಸ್‌ಎಸ್‌ಡಿ ಇಲ್ವೇ ಇಲ್ಲ. "ಅಣ್ಣ, ಹೊಸದೂ ಹಾಳಾಗಿರೋದೇ ಬಂದಿದ್ಯಾ?" ಅಂದ್ಲು. ಬಯೋಸಿಗೆ ಹೋಗಿ ನೋಡಿದ್ರೆ ಅಲ್ಲಿ ಕಾಣ್ತಿದೆ. ಮತ್ತೆ ಪೆನ್‌ಡ್ರೈವ್, ಮತ್ತೆ ಅದೇ ಎರಡು ಸಾಲು. ಆಗ ಎದೆ ಧಸಕ್ ಅಂತು. ಬ್ಯಾಕಪ್ ಕಣ್ಣೆದುರಿಗೇ ಇದೆ, ಡಿಸ್ಕ್ ಕೈಯಲ್ಲೇ ಇದೆ, ಇದನ್ನ ಅದಕ್ಕೆ ಸೇರಿಸೋ ದಾರಿ ಮಾತ್ರ ಕಾಣ್ತಿಲ್ಲ.

ಕಾರಣ ಸಿಕ್ಕಿದ್ದು ಮಾರನೇ ದಿನ ಸಂಜೆ. ಇಂಟೆಲ್ 11ನೇ ತಲೆಮಾರಿನ ಪ್ರೊಸೆಸರಿಂದ ಈಚೆಗೆ ಬಂದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಅನ್ನೋ ಸೆಟ್ಟಿಂಗ್ ಬಯೋಸಲ್ಲಿ ಆನ್ ಆಗೇ ಬರತ್ತೆ, ಅದು ಆನ್ ಇದ್ರೆ ಎನ್‌ವಿಎಂಇ (ಈಗಿನ ವೇಗದ ಎಸ್‌ಎಸ್‌ಡಿ ಥರ) ಡಿಸ್ಕ್ ನೇರವಾಗಿ ಕಾಣಲ್ಲ, ಇಂಟೆಲಿನ ರಾಪಿಡ್ ಸ್ಟೋರೇಜ್ ಡ್ರೈವರ್ ಇದ್ರೆ ಮಾತ್ರ ಕಾಣತ್ತೆ. ಲ್ಯಾಪ್‌ಟಾಪಿನ ವಿಂಡೋಸಲ್ಲಿ ಆ ಡ್ರೈವರ್ ಇತ್ತು, ಹಾಗಾಗಿ ಬ್ಯಾಕಪ್ ತಗೊಳ್ಳೋವಾಗ ಯಾವ ತೊಂದರೆನೂ ಇರ್ಲಿಲ್ಲ. ರೆಸ್ಕ್ಯೂ ಪೆನ್‌ಡ್ರೈವಲ್ಲಿ ಇರೋದು ವಿನ್‌ಪಿಇ ಅನ್ನೋ ಪುಟ್ಟ ವಿಂಡೋಸ್, ಅದ್ರಲ್ಲಿ ಆ ಡ್ರೈವರ್ ಸೇರಿರ್ಲಿಲ್ಲ. ಕೊನೆಗೆ ನನ್ನ ಕಂಪ್ಯೂಟರಲ್ಲಿ ಆ ಡ್ರೈವರ್ ಡೌನ್‌ಲೋಡ್ ಮಾಡಿ, ಬಿಚ್ಚಿ, ಇನ್ನೊಂದು ಪೆನ್‌ಡ್ರೈವಿಗೆ ಹಾಕಿ, ರೆಸ್ಕ್ಯೂ ಸ್ಕ್ರೀನಲ್ಲಿ ಲೋಡ್ ಡ್ರೈವರ್ ಅಂತ ಒಂದು ಮೂಲೆಯಲ್ಲಿದ್ದ ಬಟನ್ ಒತ್ತಿ ಆ ಫೋಲ್ಡರ್ ತೋರಿಸಿದೆ. ಮೂರನೇ ಸಾಲು ಬಂತು. ಹೋದ ಜೀವ ಬಂದ ಹಾಗಾಯ್ತು. ಬಯೋಸಲ್ಲಿ ವಿಎಂಡಿ ಆಫ್ ಮಾಡಿದ್ರೂ ಡಿಸ್ಕ್ ಕಾಣತ್ತೆ, ಆದ್ರೆ ಅದು ಆನ್ ಇದ್ದಾಗ ಇನ್‌ಸ್ಟಾಲ್ ಆಗಿರೋ ವಿಂಡೋಸನ್ನ ಆಫ್ ಮಾಡಿ ಬೂಟ್ ಮಾಡೋಕೆ ಹೋದ್ರೆ ನೀಲಿ ಸ್ಕ್ರೀನಲ್ಲಿ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಅಂತ ಬಂದು ನಿಂತ್ಬಿಡೋ ಸಾಧ್ಯತೆ ಜಾಸ್ತಿ, ಅದನ್ನೂ ತಿಳ್ಕೊಂಡಿರಿ.

ಆ ಎರಡು ದಿನ ಆದ್ಮೇಲೆ ನಾನು ಬ್ಯಾಕಪ್ ಸಾಫ್ಟ್‌ವೇರ್ ನೋಡೋ ರೀತಿನೇ ಬದಲಾಯ್ತು. ಮುಂಚೆ ಎಲ್ಲರ ಹಾಗೆ ನಾನೂ ಸ್ಕ್ರೀನ್ ಚೆನ್ನಾಗಿದ್ಯಾ, ಎಷ್ಟು ಬೇಗ ಇಮೇಜ್ ತಗೊಳತ್ತೆ, ಎಷ್ಟು ಕಂಪ್ರೆಸ್ ಮಾಡತ್ತೆ ಅಂತ ನೋಡ್ತಿದ್ದೆ. ಬ್ಯಾಕಪ್ ತಗೊಳ್ಳೋದನ್ನ ಎಲ್ಲಾ ಸಾಫ್ಟ್‌ವೇರೂ ಹೆಚ್ಚುಕಮ್ಮಿ ಚೆನ್ನಾಗೇ ಮಾಡ್ತವೆ ಸ್ವಾಮಿ, ಯಾಕಂದ್ರೆ ಒಳಗಡೆ ಹೆಚ್ಚಿನವರು ಉಪಯೋಗಿಸೋದು ಮೈಕ್ರೋಸಾಫ್ಟಿನದೇ ಶ್ಯಾಡೋ ಕಾಪಿ ಅನ್ನೋ ಸೌಕರ್ಯಾನ, ಓಡ್ತಿರೋ ವಿಂಡೋಸಿಂದ ಒಂದು ಕ್ಷಣದ ಚಿತ್ರ ಹಿಡಿದು ಕೊಡೋದು ಅದೇ. ವ್ಯತ್ಯಾಸ ಗೊತ್ತಾಗೋದು ವಿಂಡೋಸ್ ಇಲ್ಲದೇ ಇದ್ದಾಗ. ಹಾಗಾಗಿ ಆಮೇಲೆ ಒಂದು ತಿಂಗಳು ಬಿಡುವಾದಾಗೆಲ್ಲ ಕೂತು, ನನ್ನ ಡೆಸ್ಕ್‌ಟಾಪ್ ಮತ್ತೆ ತಂಗಿ ಲ್ಯಾಪ್‌ಟಾಪ್ ಎರಡ್ರಲ್ಲೂ ಒಂದೊಂದೇ ಸಾಫ್ಟ್‌ವೇರ್ ಹಾಕಿ, ಅದರ ರೆಸ್ಕ್ಯೂ ಪೆನ್‌ಡ್ರೈವ್ ಮಾಡಿ ಬೂಟ್ ಮಾಡಿ ಒಳಗಿನ ಡಿಸ್ಕ್ ಕಾಣತ್ತಾ ನೋಡ್ದೆ, ಆಮೇಲೆ ಸುಮ್ನೆ ಬಿದ್ದಿದ್ದ ಒಂದು ಸ್ಪೇರ್ ಎಸ್‌ಎಸ್‌ಡಿಗೆ ರಿಸ್ಟೋರ್ ಮಾಡಿ ವಿಂಡೋಸ್ ಏಳತ್ತಾ ನೋಡ್ದೆ. ಕೆಳಗೆ ಬರೆದಿರೋ ಅಭಿಪ್ರಾಯ ಎಲ್ಲಾ ಅದರ ಮೇಲೆ.

ಮೊದ್ಲು ಇಮೇಜ್ ಅಂದ್ರೆ ಏನು ಅನ್ನೋದು, ಹೊಸಬರಿಗೋಸ್ಕರ. ಫೈಲ್ ಬ್ಯಾಕಪ್ ಅಂದ್ರೆ ನಿಮ್ಮ ಫೋಟೋ, ಡಾಕ್ಯುಮೆಂಟ್ ಕಾಪಿ ಮಾಡಿಡೋದು, ಅಷ್ಟೇ. ಇಮೇಜ್ ಅಂದ್ರೆ ಇಡೀ ಡಿಸ್ಕನ್ನ ಒಂದು ದೊಡ್ಡ ಫೈಲಾಗಿ ಮಡಿಚಿ ಇಡೋದು: ಬೂಟ್ ಆಗೋಕೆ ಬೇಕಾದ ಪುಟ್ಟ ಇಎಫ್‌ಐ ಪಾರ್ಟಿಷನ್, 16 ಎಂಬಿಯ ಮೈಕ್ರೋಸಾಫ್ಟ್ ರಿಸರ್ವ್ಡ್, ಸಿ ಡ್ರೈವ್, ಕೊನೆಯಲ್ಲಿರೋ ರಿಕವರಿ ಪಾರ್ಟಿಷನ್, ಎಲ್ಲಾ ಸೇರಿ. ಬರೀ ಸಿ ಡ್ರೈವ್ ಟಿಕ್ ಮಾಡಿ ಇಮೇಜ್ ತಗೊಂಡವರು ಹೊಸ ಡಿಸ್ಕಿಗೆ ಹಾಕಿದಾಗ ಬೂಟ್ ಆಗಲ್ಲ ಅಂತ ಒದ್ದಾಡ್ತಾರೆ, ಆ ಪುಟ್ಟ ಪಾರ್ಟಿಷನ್‌ಗಳನ್ನ ಬಿಡಲೇಬೇಡಿ. ಕ್ಲೋನ್ ಅಂದ್ರೆ ಒಂದು ಡಿಸ್ಕಿಂದ ಇನ್ನೊಂದಕ್ಕೆ ನೇರವಾಗಿ ಎರಕ ಹೊಯ್ದ ಹಾಗೆ, ಡಿಸ್ಕ್ ಬದಲಾಯಿಸೋವಾಗ ಚೆನ್ನಾಗಿರತ್ತೆ, ಆದ್ರೆ ಅದ್ರಲ್ಲಿ ಒಂದೇ ದಿನದ ಸ್ಥಿತಿ ಇರೋದು, ಹೋದ ತಿಂಗಳು ಹೇಗಿತ್ತು ಅಂತ ಹಿಂದಕ್ಕೆ ಹೋಗೋಕಾಗಲ್ಲ. ಕ್ಲೋನ್ ಮುಗಿದ ತಕ್ಷಣ ಎರಡೂ ಡಿಸ್ಕ್ ಸಿಕ್ಕಿಸ್ಕೊಂಡು ಬೂಟ್ ಮಾಡ್ಬೇಡಿ, ಎರಡಕ್ಕೂ ಒಂದೇ ಗುರುತಿನ ಸಂಖ್ಯೆ ಇರೋದ್ರಿಂದ ವಿಂಡೋಸ್ ಗೊಂದಲ ಮಾಡ್ಕೊಳತ್ತೆ, ಹಳೇದನ್ನ ತೆಗೆದಿಟ್ಟು ಹೊಸದ್ರಿಂದ ಒಂದು ಸಲ ಬೂಟ್ ಮಾಡಿ ನೋಡಿ. ಇನ್ನು ಕ್ಲೌಡಲ್ಲಿ ಸಿಂಕ್ ಆಗತ್ತಲ್ಲ ಸಾಕಲ್ವಾ ಅನ್ನೋರಿಗೆ ಒಂದು ಮಾತು, ಇಲ್ಲಿ ಡಿಲೀಟ್ ಆದ್ರೆ ಅಲ್ಲೂ ಡಿಲೀಟ್ ಆಗತ್ತೆ, ಅದು ಜೊತೆಗಿರ್ಲಿ, ಅದೊಂದೇ ಸಾಲದು. ಮೇಲಾಗಿ ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅಂತ ಒಂದಿದೆ, ಫೈಲ್ ಅಳಿಸಿದ ಮೇಲೆ ಆ ಜಾಗಾನ ಡಿಸ್ಕೇ ಒಳಗಿಂದೊಳಗೆ ಖಾಲಿ ಮಾಡ್ಕೊಳತ್ತೆ, ಹಾಗಾಗಿ ಹಳೇ ಹಾರ್ಡ್ ಡಿಸ್ಕಲ್ಲಿ ರಿಕವರಿ ಸಾಫ್ಟ್‌ವೇರ್ ಓಡಿಸಿ ವಾಪಸ್ ತರ್ತಿದ್ದ ಹಾಗೆ ಇಲ್ಲಿ ತರೋದು ತುಂಬಾ ಕಷ್ಟ.

ಈಗ ಒಂದೊಂದಾಗಿ ಬರ್ತೀನಿ.

ವಿಂಡೋಸಲ್ಲೇ ಇರೋದು. ಕಂಟ್ರೋಲ್ ಪ್ಯಾನೆಲಲ್ಲಿ ಬ್ಯಾಕಪ್ ಅಂಡ್ ರಿಸ್ಟೋರ್, ಪಕ್ಕದಲ್ಲಿ ವಿಂಡೋಸ್ 7 ಅಂತ ಬೇರೆ ಬರೆದಿರೋದು ಈಗ್ಲೂ ಇದೆ. ಅದರ ಸಿಸ್ಟಮ್ ಇಮೇಜ್ ಸೌಲಭ್ಯಾನ ಮುಂದೆ ಬೆಳೆಸಲ್ಲ, ಬೇರೆ ಕಂಪನಿಯ ಸಾಫ್ಟ್‌ವೇರ್ ಉಪಯೋಗಿಸಿ ಅಂತ ಮೈಕ್ರೋಸಾಫ್ಟೇ 2017ರಲ್ಲಿ ಹೇಳಿಬಿಟ್ಟಿದೆ. ಅದ್ರಲ್ಲಿ ನನಗೆ ಇಷ್ಟ ಆಗೋದು ಒಂದೇ, ಅದು ಮಾಡೋ ಇಮೇಜ್ ವಿಎಚ್‌ಡಿಎಕ್ಸ್ ರೂಪದಲ್ಲಿರತ್ತೆ, ಯಾವ ಸಾಫ್ಟ್‌ವೇರೂ ಇಲ್ಲದೆ ವಿಂಡೋಸಲ್ಲೇ ಮೌಂಟ್ ಮಾಡಿ, ಅಂದ್ರೆ ಒಂದು ಡ್ರೈವ್ ಥರ ತೆರೆದು, ಒಳಗಿನ ಫೈಲ್ ಎತ್ಕೋಬಹುದು. ಆದ್ರೆ ಮೊದಲಿದ್ದಿದ್ದಕ್ಕಿಂತ ಚಿಕ್ಕ ಡಿಸ್ಕಿಗೆ ರಿಸ್ಟೋರ್ ಮಾಡಲ್ಲ, ಸಿ ಡ್ರೈವಲ್ಲಿ ಎಷ್ಟೇ ಜಾಗ ಖಾಲಿ ಇದ್ರೂ ಮಾಡಲ್ಲ. ಈಚೆಗೆ ಬಂದಿರೋ ವಿಂಡೋಸ್ ಬ್ಯಾಕಪ್ ಅನ್ನೋ ಆ್ಯಪ್ ಬೇರೆ, ಅದು ಫೋಲ್ಡರ್ ಮತ್ತೆ ಸೆಟ್ಟಿಂಗ್‌ಗಳನ್ನ ಒನ್‌ಡ್ರೈವಿಗೆ ಕಳಿಸತ್ತೆ, ಇಮೇಜ್ ಅಲ್ಲ, ಹೆಸರು ನೋಡಿ ಮೋಸ ಹೋಗ್ಬೇಡಿ. ದಿನನಿತ್ಯದ ಫೈಲ್‌ಗಳಿಗೆ ಫೈಲ್ ಹಿಸ್ಟರಿ ಆನ್ ಮಾಡ್ಕೊಳ್ಳಿ, ಅದು ಒಳ್ಳೇದೇ, ಒಂದೇ ಡಾಕ್ಯುಮೆಂಟಿನ ಹಳೇ ಹಳೇ ಆವೃತ್ತಿಗಳನ್ನ ಇಟ್ಕೊಂಡಿರತ್ತೆ.

ಮ್ಯಾಕ್ರಿಯಂ ರಿಫ್ಲೆಕ್ಟ್. ವರ್ಷಗಟ್ಟಲೆ ಯಾರು ಕೇಳಿದ್ರೂ ಕಣ್ಣು ಮುಚ್ಕೊಂಡು ಇದರ ಫ್ರೀ ಆವೃತ್ತಿ ಹಾಕ್ಕೊಳ್ಳಿ ಅಂತ ಹೇಳ್ತಿದ್ವಿ. ಆ ಫ್ರೀ ಆವೃತ್ತಿಗೆ ಸೆಕ್ಯೂರಿಟಿ ಅಪ್‌ಡೇಟ್ 2024ರ ಜನವರಿಗೆ ನಿಂತು ಹೋಯ್ತು, 2024ರ ಅಕ್ಟೋಬರಲ್ಲಿ ಬಂದ ರಿಫ್ಲೆಕ್ಟ್ ಎಕ್ಸ್ ವರ್ಷಾವರ್ಷ ದುಡ್ಡು ಕಟ್ಟೋ ಲೆಕ್ಕದ್ದು. ಹಳೇ ಫ್ರೀ ಆವೃತ್ತಿ ಇನ್ನೂ ಓಡ್ತಿದೆ ಅಂತ ಇಟ್ಕೊಂಡಿರೋರು ತುಂಬಾ ಜನ ಇದ್ದಾರೆ, ನನ್ನ ಮಾತು ಕೇಳೋದಾದ್ರೆ ಬಿಟ್ಬಿಡಿ, ಇಡೀ ಡಿಸ್ಕನ್ನ ಓದಿ ಬರೆಯೋ ಅಧಿಕಾರ ಇರೋ ಸಾಫ್ಟ್‌ವೇರಿಗೆ ತೇಪೆ ಹಾಕೋರೇ ಇಲ್ಲ ಅಂದ್ರೆ ಸರಿಯಲ್ಲ. ಗುಣದ ವಿಷಯಕ್ಕೆ ಬಂದ್ರೆ ನಾನು ನೋಡಿದ್ರಲ್ಲಿ ಇದೇ ಮುಂದೆ. ರೆಸ್ಕ್ಯೂ ಪೆನ್‌ಡ್ರೈವ್ ಮಾಡೋವಾಗ ನಿಮ್ಮ ಕಂಪ್ಯೂಟರಲ್ಲಿರೋ ಡಿಸ್ಕ್, ನೆಟ್‌ವರ್ಕ್, ಯುಎಸ್‌ಬಿ ಇವುಗಳ ಪಟ್ಟಿ ಮಾಡಿ, ಯಾವುದಕ್ಕೆ ಡ್ರೈವರ್ ಬೇಕೋ ಅದನ್ನ ಓಡ್ತಿರೋ ವಿಂಡೋಸಿಂದ ತಾನೇ ಎತ್ತಿ ಪೆನ್‌ಡ್ರೈವಿಗೆ ಸೇರಿಸತ್ತೆ. ತಂಗಿ ಲ್ಯಾಪ್‌ಟಾಪಲ್ಲಿ ಇದರ ಪೆನ್‌ಡ್ರೈವ್ ಹಾಕಿದ ತಕ್ಷಣ, ನಾನೇನೂ ಮಾಡದೇನೇ, ಒಳಗಿನ ಡಿಸ್ಕ್ ಅದರ ನಾಲ್ಕೂ ಪಾರ್ಟಿಷನ್ ಸಮೇತ ಕಂಡಾಗ ಎರಡು ದಿನ ಪಟ್ಟ ಪಾಡು ನೆನಪಾಯ್ತು. ರಿಸ್ಟೋರ್ ಮಾಡೋವಾಗ ಪಾರ್ಟಿಷನ್‌ಗಳನ್ನ ಮೌಸಲ್ಲೇ ಎಳೆದು ಚಿಕ್ಕದು ದೊಡ್ಡದು ಮಾಡ್ಬಹುದು. ವಿಬೂಟ್ ಅಂತ ಇನ್ನೊಂದು ಸೌಲಭ್ಯ ಇದೆ, ಇಮೇಜನ್ನ ವರ್ಚುವಲ್ ಮಷೀನಾಗಿ, ಅಂದ್ರೆ ಕಂಪ್ಯೂಟರ್ ಒಳಗೇ ಓಡೋ ಇನ್ನೊಂದು ಕಂಪ್ಯೂಟರ್ ಥರ, ಎಬ್ಬಿಸಿ ತೋರಿಸತ್ತೆ, ಸ್ಪೇರ್ ಡಿಸ್ಕ್ ಇಲ್ಲದವರಿಗೆ ಇಮೇಜ್ ನಿಜವಾಗ್ಲೂ ಬೂಟ್ ಆಗತ್ತಾ ಅಂತ ನೋಡೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಬೇರೆ ಪ್ರೋಗ್ರಾಮ್‌ಗಳು ಇಮೇಜ್ ಫೈಲನ್ನ ಮುಟ್ಟದ ಹಾಗೆ ಕಾಯೋ ಇಮೇಜ್ ಗಾರ್ಡಿಯನ್ನೂ ಇದೆ. 30 ದಿನ ಟ್ರಯಲ್ ಸಿಗತ್ತೆ. ದುಡ್ಡು ಕಟ್ಟೋಕೆ ಅಡ್ಡಿ ಇಲ್ಲ ಅನ್ನೋರು ಮುಂದೆ ಹುಡುಕೋ ಅಗತ್ಯಾನೇ ಇಲ್ಲ.

ವೀಮ್ ಏಜೆಂಟ್, ಫ್ರೀ ಆವೃತ್ತಿ. ಇದು ಕಂಪನಿಗಳ ಸರ್ವರ್ ಬ್ಯಾಕಪ್ ಮಾಡೋರ ಸಾಫ್ಟ್‌ವೇರು, ಮನೆ ಕಂಪ್ಯೂಟರಿಗೆ ಒಂದು ಫ್ರೀ ಆವೃತ್ತಿ ಕೊಟ್ಟಿದ್ದಾರೆ. ಸ್ಕ್ರೀನ್ ಸ್ವಲ್ಪ ಆಫೀಸ್ ಥರ ಇದೆ, ಹೊಸಬರಿಗೆ ಮೊದಲ ಹತ್ತು ನಿಮಿಷ ತಲೆಬುಡ ಅರ್ಥ ಆಗಲ್ಲ, ಫ್ರೀ ಆವೃತ್ತಿಯಲ್ಲಿ ಒಂದೇ ಬ್ಯಾಕಪ್ ಜಾಬ್ ಇಡ್ಬಹುದು, ಕ್ಲೋನ್ ಮಾಡೋ ಸೌಲಭ್ಯ ಇಲ್ಲ. ಇಷ್ಟು ಕೊರತೆ ಹೇಳಿದ ಮೇಲೂ ಇದನ್ನ ನಾನು ಮನಸ್ಸಾರೆ ಮೆಚ್ಚಿಕೊಂಡಿದ್ದೀನಿ, ಅದಕ್ಕೆ ಎರಡು ಟಿಕ್ ಬಾಕ್ಸ್ ಕಾರಣ. ಒಂದು, ರಿಕವರಿ ಮೀಡಿಯಾ ಮಾಡೋವಾಗ ಈ ಕಂಪ್ಯೂಟರಿನ ಡ್ರೈವರ್‌ಗಳನ್ನ ಸೇರಿಸ್ಲಾ ಅಂತ ಅದೇ ಕೇಳತ್ತೆ. ಇನ್ನೊಂದು, ಶೆಡ್ಯೂಲ್ ಪುಟದಲ್ಲಿ ಗಂಟೆ ದಿನ ಅಷ್ಟೇ ಅಲ್ಲ, ಬ್ಯಾಕಪ್ ಡಿಸ್ಕ್ ಸಿಕ್ಕಿಸಿದಾಗ ಶುರು ಮಾಡು ಅಂತಾನೂ ಇದೆ, ಜೊತೆಗೆ ಬ್ಯಾಕಪ್ ಮುಗಿದ ತಕ್ಷಣ ಡಿಸ್ಕನ್ನ ಎಜೆಕ್ಟ್ ಮಾಡು ಅಂತಾನೂ ಇದೆ. ರಾನ್ಸಮ್‌ವೇರ್ (ಫೈಲಿಗೆಲ್ಲ ಬೀಗ ಹಾಕಿ ದುಡ್ಡು ಕೇಳೋ ವೈರಸ್) ಬಂದ್ರೆ ಅದು ಸಿಕ್ಕಿಸಿರೋ ಎಲ್ಲಾ ಡಿಸ್ಕಿಗೂ ಹೋಗತ್ತೆ, ಬ್ಯಾಕಪ್ಪನ್ನೂ ಗೀಚಿ ಹಾಕತ್ತೆ. ಯುಎಸ್‌ಬಿ ವಯರ್ ಕೀಳೋದನ್ನ ಮರೆತರೂ ವಿಂಡೋಸಿಗೆ ಆ ಡಿಸ್ಕ್ ಕಾಣದ ಹಾಗೆ ಇದು ಬಿಡಿಸಿಡತ್ತೆ. ಮನೆಯವರು ಹೇಗೆ ಕಂಪ್ಯೂಟರ್ ಉಪಯೋಗಿಸ್ತಾರೆ ಅಂತ ಕೂತು ಯೋಚನೆ ಮಾಡಿದವರು ಮಾಡಿರೋ ಕೆಲಸ ಇದು, ನೋಡಿ ನನಗೆ ತುಂಬಾ ಖುಷಿ ಆಯ್ತು. ಮೊದಲ ಸಲ ಪೂರ್ತಿ ಇಮೇಜ್ ತಗೊಂಡು ಆಮೇಲೆ ಬದಲಾಗಿದ್ದನ್ನ ಮಾತ್ರ ಸೇರಿಸ್ತಾ ಹೋಗತ್ತೆ, ನೀವು ಇಟ್ಟ ಮಿತಿ ದಾಟಿದಾಗ ಹಳೇದನ್ನ ಪೂರ್ತಿ ಇಮೇಜಿಗೇ ಬೆಸೆದು ಜಾಗ ಉಳಿಸತ್ತೆ.

ಕ್ಲೋನ್‌ಜಿಲ್ಲಾ. ಥೈವಾನಿನವರು ಮಾಡಿರೋದು, ಓಪನ್ ಸೋರ್ಸ್, ಪೂರ್ತಿ ಫ್ರೀ. ವಿಂಡೋಸಲ್ಲಿ ಇನ್‌ಸ್ಟಾಲ್ ಆಗೋದಲ್ಲ, ಪೆನ್‌ಡ್ರೈವಿಗೆ ಬರೆದು ಅದ್ರಿಂದ ಬೂಟ್ ಮಾಡ್ಕೊಂಡೇ ಇಮೇಜ್ ತಗೋಬೇಕು, ಅಂದ್ರೆ ಇಲ್ಲಿ ಬ್ಯಾಕಪ್ ತಗೊಳ್ಳೋ ಪೆನ್‌ಡ್ರೈವೇ ರಿಸ್ಟೋರ್ ಮಾಡೋ ಪೆನ್‌ಡ್ರೈವ್. ಹಾಗಾಗಿ ಬ್ಯಾಕಪ್ ಆಗಿದೆ ಅಂದ್ರೆ ಆ ಪೆನ್‌ಡ್ರೈವ್ ನಿಮ್ಮ ಡಿಸ್ಕನ್ನ ನೋಡಿದೆ ಅಂತಾನೇ ಅರ್ಥ, ನಮಗಾದ ಥರದ ಆಘಾತ ಇಲ್ಲಿ ಆಗೋಕೆ ಜಾಗಾನೇ ಕಡಿಮೆ. ಮೌಸ್ ಇಲ್ಲ, ಬಾಣದ ಕೀಲಿ ಒತ್ಕೊಂಡು ಒಂದರ ಮೇಲೊಂದು ಪ್ರಶ್ನೆಗೆ ಉತ್ರ ಕೊಡ್ತಾ ಹೋಗ್ಬೇಕು, ಡಿಸ್ಕ್‌ಗಳು ಅಲ್ಲಿ ಎಸ್‌ಡಿಎ, ಎಸ್‌ಡಿಬಿ, ಎನ್‌ವಿಎಂಇ ಸೊನ್ನೆ ಎನ್ ಒಂದು ಅಂತ ಲಿನಕ್ಸ್ ಹೆಸರಲ್ಲಿ ಇರ್ತವೆ. ಇಲ್ಲಿ ಅವಸರ ಮಾಡ್ಬೇಡಿ, ದಯವಿಟ್ಟು. ಯಾವುದ್ರಿಂದ ಯಾವುದಕ್ಕೆ ಅನ್ನೋದು ಉಲ್ಟಾ ಆದ್ರೆ ಒಳ್ಳೇ ಡಿಸ್ಕ್ ಮೇಲೆ ಖಾಲಿ ಡಿಸ್ಕ್ ಬಂದು ಕೂರತ್ತೆ. ಬರೆಯೋ ಮುಂಚೆ ಎರಡು ಸಲ ಗಟ್ಟಿ ಮಾಡ್ಕೊಳತ್ತೆ, ಆ ಎರಡು ಸಲಾನೂ ಕೈ ತೆಗೆದು, ಡಿಸ್ಕಿನ ಸೈಜು ಮತ್ತೆ ಮಾಡೆಲ್ ನಂಬರ್ ಓದಿ, ಆಮೇಲೆ ವೈ ಒತ್ತಿ. ನಾನು ಹೊಸಬರಿಗೆ ಹೇಳೋದು ಏನಂದ್ರೆ ಒಂದು ಚೀಟಿಯಲ್ಲಿ ಮೂಲ ಡಿಸ್ಕಿನ ಮಾಡೆಲ್ ನಂಬರ್ ಬರೆದು ಪಕ್ಕದಲ್ಲಿ ಇಟ್ಕೊಳ್ಳಿ.

ಇದರ ಮಿತಿಗಳೂ ಇವೆ. ಬಳಕೆಯಲ್ಲಿರೋ ಜಾಗ ಮಾತ್ರ ಕಾಪಿ ಮಾಡತ್ತೆ, ಅದು ಚೆನ್ನಾಗಿದೆ, ಆದ್ರೆ ಬಿಟ್‌ಲಾಕರ್ (ವಿಂಡೋಸೇ ಡಿಸ್ಕಿಗೆ ಹಾಕೋ ಬೀಗ, ಅಂದ್ರೆ ಎನ್‌ಕ್ರಿಪ್ಷನ್) ಹಾಕಿರೋ ಪಾರ್ಟಿಷನ್ನಿನ ಒಳಗೆ ಅದಕ್ಕೆ ಕಾಣಲ್ಲ, ಆಗ ಖಾಲಿ ಜಾಗಾನೂ ಸೇರಿಸಿ ಮೂಲೆ ಮೂಲೆ ಕಾಪಿ ಮಾಡತ್ತೆ, ಇಮೇಜ್ ದೊಡ್ಡದಾಗತ್ತೆ, ಹೊತ್ತೂ ಹಿಡಿಯತ್ತೆ. ಮಾಮೂಲಿ ರೀತಿಯಲ್ಲಿ ಚಿಕ್ಕ ಡಿಸ್ಕಿಗೆ ರಿಸ್ಟೋರ್ ಆಗಲ್ಲ. ಇಮೇಜಿಂದ ಒಂದೇ ಒಂದು ಫೈಲ್ ಬೇಕು ಅಂದ್ರೆ ಸುಲಭದ ದಾರಿ ಇಲ್ಲ. ಮೌಸ್ ಬೇಕೇ ಬೇಕು ಅನ್ನೋರಿಗೆ ರೆಸ್ಕ್ಯೂಜಿಲ್ಲಾ ಅಂತ ಇದೆ, ಅದೇ ಇಮೇಜ್ ರೂಪ, ಕ್ಲೋನ್‌ಜಿಲ್ಲಾದಲ್ಲಿ ತಗೊಂಡಿದ್ದನ್ನ ಇದ್ರಲ್ಲಿ ರಿಸ್ಟೋರ್ ಮಾಡ್ಬಹುದು, ಸ್ಕ್ರೀನ್ ಮಾತ್ರ ಎಲ್ಲರಿಗೂ ಅರ್ಥ ಆಗೋ ಹಾಗಿದೆ. ಮೊದಲ ಸಲ ಪ್ರಯತ್ನ ಮಾಡೋರು ಅದನ್ನೇ ತಗೊಳ್ಳಿ.

ಹ್ಯಾಸ್ಲಿಯೋ ಬ್ಯಾಕಪ್ ಸೂಟ್, ಫ್ರೀ. ಮ್ಯಾಕ್ರಿಯಂ ಫ್ರೀ ನಿಂತ ಮೇಲೆ ಎಷ್ಟೋ ಜನ ಇದಕ್ಕೆ ಬಂದಿದ್ದಾರೆ, ಯಾಕೆ ಅಂತ ಉಪಯೋಗಿಸಿದ ಮೇಲೆ ಗೊತ್ತಾಯ್ತು. ಇಮೇಜ್, ಕ್ಲೋನ್, ಇನ್‌ಕ್ರಿಮೆಂಟಲ್, ಡಿಫರೆನ್ಷಿಯಲ್ (ಇವೆರಡೂ ಏನು ಅಂತ ಮುಂದೆ ಹೇಳ್ತೀನಿ), ಇಮೇಜ್ ಮೌಂಟ್ ಮಾಡಿ ಫೈಲ್ ತೆಗೆಯೋದು, ಎಲ್ಲಾ ಫ್ರೀ ಆವೃತ್ತಿಯಲ್ಲೇ ಇದೆ, ಸ್ಕ್ರೀನ್ ಸರಳ. ಇದರ ವಿನ್‌ಪಿಇ ಪೆನ್‌ಡ್ರೈವ್ ನಮ್ಮ ಎರಡೂ ಕಂಪ್ಯೂಟರಲ್ಲಿ ಡಿಸ್ಕನ್ನ ನೋಡ್ತು, ರಿಸ್ಟೋರ್ ಆದ ವಿಂಡೋಸ್ ಮೊದಲ ಸಲಕ್ಕೇ ಎದ್ದು ಕೂತ್ಕೊಳ್ತು. ಇವತ್ತಿಗೆ ಫ್ರೀ ಬೇಕು, ಕ್ಲೋನೂ ಬೇಕು, ಲಿನಕ್ಸ್ ಬೇಡ ಅನ್ನೋರಿಗೆ ನನ್ನ ಉತ್ರ ಇದೇ.

ಏಒಎಂಇಐ, ಈಸ್‌ಯುಎಸ್, ಮಿನಿಟೂಲ್ ಇವರದ್ದೂ ಫ್ರೀ ಆವೃತ್ತಿಗಳಿವೆ, ಇಮೇಜ್ ತಗೊಳ್ಳೋ ಕೆಲಸಕ್ಕೆ ಅಡ್ಡಿಯಿಲ್ಲ, ಆದ್ರೆ ವಿಂಡೋಸ್ ಇರೋ ಡಿಸ್ಕನ್ನ ಕ್ಲೋನ್ ಮಾಡೋಕೆ ಹೋದ್ರೆ ದುಡ್ಡು ಕಟ್ಟಿ ಅಂತ ಬರತ್ತೆ. ಬರೀ ಅದಕ್ಕೋಸ್ಕರ ಹಾಕೋರು ಮೊದ್ಲೇ ಅವರ ಪಟ್ಟಿ ಓದ್ಕೊಳ್ಳಿ. ಆಕ್ರೋನಿಸ್ ಟ್ರೂ ಇಮೇಜ್ ಹಳೇ ಹುಲಿ, ನಡುವೆ 2021ರಲ್ಲಿ ಸೈಬರ್ ಪ್ರೊಟೆಕ್ಟ್ ಹೋಮ್ ಆಫೀಸ್ ಅಂತ ಹೆಸರು ಬದಲಾಯಿಸ್ಕೊಂಡು ಮತ್ತೆ ಹಳೇ ಹೆಸರಿಗೇ ಬಂದಿದೆ, ಆಂಟಿವೈರಸ್ಸು, ಕ್ಲೌಡು ಎಲ್ಲಾ ಸೇರಿಸಿ ಕೊಡ್ತಾರೆ, ನನಗೆ ಬೇಕಾಗಿದ್ದು ಬರೀ ಇಮೇಜು. ಒಂದು ಉಪಯೋಗದ ವಿಷಯ ಏನಂದ್ರೆ ವೆಸ್ಟರ್ನ್ ಡಿಜಿಟಲ್, ಕ್ರೂಷಿಯಲ್, ಕಿಂಗ್‌ಸ್ಟನ್ ಥರದ ಡಿಸ್ಕ್ ಕಂಪನಿಗಳು ಇದರದ್ದೇ ಒಂದು ಚಿಕ್ಕ ಆವೃತ್ತಿಯನ್ನ ತಮ್ಮ ಡಿಸ್ಕ್ ಕೊಂಡವರಿಗೆ ಕೊಡ್ತವೆ, ಆ ಕಂಪನಿಯ ಡಿಸ್ಕ್ ಕಂಪ್ಯೂಟರಲ್ಲಿ ಇದ್ರೆ ಮಾತ್ರ ಓಡತ್ತೆ. ಹೊಸ ಎಸ್‌ಎಸ್‌ಡಿಗೆ ಒಂದು ಸಲ ಕ್ಲೋನ್ ಮಾಡೋಕೆ ಅಷ್ಟು ಸಾಕು. ಹಳಬರು ಈಗ್ಲೂ ಇಮೇಜ್ ತಗೊಳ್ಳೋದಕ್ಕೆ ಘೋಸ್ಟ್ ಮಾಡೋದು ಅಂತಾರೆ, ಆ ನಾರ್ಟನ್ ಘೋಸ್ಟ್ 2013ರಲ್ಲೇ ನಿಂತಿದೆ, ಹಳೇ ಸೀಡಿ ಸಿಕ್ತು ಅಂತ ಇವತ್ತಿನ ಕಂಪ್ಯೂಟರ್ ಮೇಲೆ ಪ್ರಯೋಗ ಮಾಡ್ಬೇಡಿ.

ಮ್ಯಾಕ್ ಇರೋರು ಇಷ್ಟೆಲ್ಲಾ ತಲೆ ಕೆಡಿಸ್ಕೋಬೇಕಿಲ್ಲ, 2007ರಿಂದ ಇರೋ ಟೈಮ್ ಮಷೀನ್ ಆನ್ ಮಾಡಿದ್ರೆ ಆಯ್ತು. ಲಿನಕ್ಸಲ್ಲಿ ಟೈಮ್‌ಶಿಫ್ಟ್ ಹಾಕಿರೋರು ಒಂದು ವಿಷಯ ನೆನಪಿಡಿ, ಅದು ಸಿಸ್ಟಮ್ ಫೈಲ್‌ಗಳಿಗೆ, ನಿಮ್ಮ ಹೋಮ್ ಫೋಲ್ಡರನ್ನ ಅದು ಮಾಮೂಲಾಗಿ ತಗೊಳಲ್ಲ.

ಈಗ ಯಾವ ಸಾಫ್ಟ್‌ವೇರ್ ಹಾಕಿದ್ರೂ ಅನ್ವಯಿಸೋ ಕೆಲವು ವಿಷಯ. ಬಿಟ್‌ಲಾಕರ್ ಮೊದಲು. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನ ಹೊಸದಾಗಿ ಇನ್‌ಸ್ಟಾಲ್ ಮಾಡಿ ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆದ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ತಾನೇ ಆನ್ ಆಗಿರತ್ತೆ, ಮನೆಯವರಿಗೆ ಗೊತ್ತೇ ಇರಲ್ಲ. ಬಯೋಸ್ ಸೆಟ್ಟಿಂಗ್ ಬದಲಾದ್ರೆ, ಕೆಲವು ಸಲ ಬೂಟ್ ಕ್ರಮ ಬದಲಾದ್ರೂ, 48 ಅಂಕಿಯ ರಿಕವರಿ ಕೀ ಕೇಳತ್ತೆ. ಅದನ್ನ ಕಾಗದದ ಮೇಲೆ ಬರೆದು ಬೇರೆ ಕಡೆ ಇಡಿ, ಅದೇ ಕಂಪ್ಯೂಟರಲ್ಲಿ ಫೈಲಾಗಿ ಇಟ್ರೆ ಬೀಗದ ಕೈಯನ್ನ ಪೆಟ್ಟಿಗೆ ಒಳಗೇ ಇಟ್ಟು ಬೀಗ ಹಾಕಿದ ಹಾಗೆ. ಇನ್ನೊಂದು ಮುಖ್ಯವಾದ್ದು, ವಿಂಡೋಸ್ ಓಡ್ತಿರೋವಾಗ ತಗೊಂಡ ಇಮೇಜಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗಿರಲ್ಲ, ಯಾಕಂದ್ರೆ ಆಗ ಡಿಸ್ಕ್ ಬೀಗ ತೆಗೆದ ಸ್ಥಿತಿಯಲ್ಲಿರತ್ತೆ. ಲ್ಯಾಪ್‌ಟಾಪ್ ಕಳೆದ್ರೂ ಡೇಟಾ ಭದ್ರ, ಎಕ್ಸ್‌ಟರ್ನಲ್ ಡಿಸ್ಕ್ ಕಳೆದ್ರೆ ಎಲ್ಲಾ ಬಯಲು. ಹಾಗಾಗಿ ಸಾಫ್ಟ್‌ವೇರಲ್ಲಿ ಇಮೇಜಿಗೇ ಪಾಸ್‌ವರ್ಡ್ ಹಾಕಿ, ಅದನ್ನೂ ಅದೇ ಕಾಗದದಲ್ಲಿ ಬರೆದಿಡಿ, ಮರೆತ್ರೆ ಯಾರೂ ತೆಗೆದುಕೊಡೋಕಾಗಲ್ಲ. ರಿಸ್ಟೋರ್ ಆದ ಮೇಲೆ ಬಿಟ್‌ಲಾಕರ್ ಮತ್ತೆ ಆನ್ ಮಾಡೋದು ಮರೀಬೇಡಿ.

ಇನ್‌ಕ್ರಿಮೆಂಟಲ್ ಅಂದ್ರೆ ಸರಪಳಿ. ಒಂದನೇದರ ಮೇಲೆ ಎರಡನೇದು, ಎರಡನೇದರ ಮೇಲೆ ಮೂರನೇದು, ನಡುವೆ ಒಂದು ಕೊಂಡಿ ಹಾಳಾದ್ರೆ ಆಮೇಲಿನ ಯಾವುದೂ ಪ್ರಯೋಜನಕ್ಕೆ ಬರಲ್ಲ. ಡಿಫರೆನ್ಷಿಯಲ್ಲಲ್ಲಿ ಪ್ರತಿಯೊಂದೂ ಮೊದಲ ಪೂರ್ತಿ ಇಮೇಜನ್ನ ಮಾತ್ರ ನಂಬ್ಕೊಂಡಿರತ್ತೆ, ಜಾಗ ಜಾಸ್ತಿ ತಿನ್ನತ್ತೆ ಆದ್ರೆ ಒಂದು ಹಾಳಾದ್ರೆ ಒಂದೇ ಹೋಗೋದು. ಮನೆ ಕಂಪ್ಯೂಟರಿಗೆ ತಿಂಗಳಿಗೊಂದು ಪೂರ್ತಿ, ವಾರಕ್ಕೊಂದು ಡಿಫರೆನ್ಷಿಯಲ್ ಸಾಕು, ನಾನು ಹಾಗೇ ಇಟ್ಕೊಂಡಿದ್ದೀನಿ. ವೆರಿಫೈ ಅನ್ನೋ ಟಿಕ್ ಇದ್ರೆ ಹಾಕಿ, ಬರೆದಿದ್ದನ್ನ ಮತ್ತೆ ಓದಿ ತಾಳೆ ನೋಡತ್ತೆ, ಎರಡರಷ್ಟು ಹೊತ್ತು ಆದ್ರೂ ಪರವಾಗಿಲ್ಲ.

ಹೊತ್ತಿನ ಮಾತು ಬಂತು ಅಂತ ಹೇಳ್ತೀನಿ, ಸಾಫ್ಟ್‌ವೇರ್ ನಿಧಾನ ಅಂತ ಬೈಯೋ ಮುಂಚೆ ಯಾವ ಪೋರ್ಟಿಗೆ ಸಿಕ್ಕಿಸಿದ್ದೀರಿ ನೋಡಿ. ಯುಎಸ್‌ಬಿ 2 ಪೋರ್ಟಲ್ಲಿ ಸೆಕೆಂಡಿಗೆ 30ರಿಂದ 40 ಎಂಬಿ ಸಿಕ್ರೆ ಹೆಚ್ಚು, 180 ಜಿಬಿ ಹೋಗೋಕೆ ಒಂದೂವರೆ ಗಂಟೆ ಹತ್ರ ಬೇಕು, ಅದೇ ಹಾರ್ಡ್ ಡಿಸ್ಕನ್ನ ಯುಎಸ್‌ಬಿ 3 ಪೋರ್ಟಿಗೆ ಸಿಕ್ಕಿಸಿ ಸೆಕೆಂಡಿಗೆ 100 ಎಂಬಿ ಬಂದ್ರೆ ಅರ್ಧ ಗಂಟೆ. ಇನ್ನು ಡಿಸ್ಕ್ ಈಗಾಗ್ಲೇ ಸಾಯೋ ಹಂತದಲ್ಲಿದ್ದು ಓದೋಕೆ ತಡವರಿಸ್ತಿದ್ರೆ ಈ ಯಾವ ಸಾಫ್ಟ್‌ವೇರೂ ಬೇಡ, ಡಿಡಿ‌ರೆಸ್ಕ್ಯೂ ಅಂತ ಲಿನಕ್ಸಿನ ಒಂದು ಸಲಕರಣೆ ಇದೆ, ಅದು ಚೆನ್ನಾಗಿರೋ ಭಾಗಗಳನ್ನ ಮೊದ್ಲು ಎತ್ಕೊಂಡು ಕೆಟ್ಟಿರೋ ಜಾಗಕ್ಕೆ ಆಮೇಲೆ ಕೈ ಹಾಕತ್ತೆ, ಗೊತ್ತಿರೋರ ಹತ್ರ ಮಾಡಿಸಿ.

ಕೊನೆಗೆ ನಮ್ಮನೇಲಿ ಏನು ಹಾಕಿದ್ದೀವಿ ಅಂದ್ರೆ, ತಂಗಿ ಲ್ಯಾಪ್‌ಟಾಪಿಗೆ ವೀಮ್ ಫ್ರೀ, ಯಾಕಂದ್ರೆ ಅವಳು ಮಾಡ್ಬೇಕಾಗಿರೋದು ಶುಕ್ರವಾರ ಸಂಜೆ ಡಿಸ್ಕ್ ಸಿಕ್ಕಿಸೋದು ಒಂದೇ. ನನ್ನ ಡೆಸ್ಕ್‌ಟಾಪಿಗೆ ಹ್ಯಾಸ್ಲಿಯೋ, ಮೂರು ತಿಂಗಳಿಗೊಂದು ಸಲ ಕ್ಲೋನ್‌ಜಿಲ್ಲಾದಲ್ಲಿ ಇನ್ನೊಂದು ಇಮೇಜ್ ತಗೊಂಡು ಆ ಡಿಸ್ಕನ್ನ ತಂಗಿ ಮನೇಲಿ ಇಡ್ತೀನಿ, ಅವಳದ್ದು ಒಂದು ನಮ್ಮನೇಲಿರತ್ತೆ. ಒಂದೇ ಕಂಪನಿಯ ಫೈಲ್ ರೂಪವನ್ನ ಪೂರ್ತಿ ನಂಬ್ಕೊಂಡು ಕೂರೋಕೆ ಮನಸ್ಸು ಒಪ್ಪಲ್ಲ, ಮ್ಯಾಕ್ರಿಯಂ ಫ್ರೀ ನಿಂತಾಗ ಆದ ಅನುಭವ ಅದು.

ಹೋದ ವಾರ ವಿಂಡೋಸಿನ ದೊಡ್ಡ ಅಪ್‌ಡೇಟ್ ಆದ್ಮೇಲೆ ಪೆನ್‌ಡ್ರೈವ್ ಹೊಸದಾಗಿ ಮಾಡಿ ಒಂದ್ಸಲ ಬೂಟ್ ಮಾಡಿ ನೋಡು ಅಂತ ತಂಗಿಗೆ ಹೇಳಿದ್ದೆ. ರಾತ್ರಿ ಫೋನ್ ಮಾಡಿದ್ಲು. "ಅಣ್ಣ, ಲಿಸ್ಟಲ್ಲಿ ನನ್ನ ಡಿಸ್ಕ್ ಕಾಣ್ತಿದೆ, ಆದ್ರೆ 512 ಅಲ್ವಾ ನಂದು, 476 ಅಂತ ತೋರಿಸ್ತಿದೆ?" ಅಂದ್ಲು. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸತ್ತೆ, ಅದೇ ಡಿಸ್ಕ್ ಕಣೇ, ಕ್ಯಾನ್ಸಲ್ ಒತ್ತಿ ಪೆನ್‌ಡ್ರೈವ್ ತೆಗೆದು ಡ್ರಾಯರಲ್ಲಿಡು ಅಂದೆ.